ತೊಂಬತ್ತೆಂಟರ ಹಟ

ನನ್ನ ಕಾರಿಗೆ ಇನ್ನು ಮುಂದೆ ತೊಂಬತ್ತೆಂಟು ಆಕ್ಟೇನಿಗಿಂತ ಕಡಿಮೆಯ ಪೆಟ್ರೋಲನ್ನು ತೋರಿಸುವುದೂ ಇಲ್ಲ ಎಂದು ಒಂದು ಬುಧವಾರ ಸಂಜೆ ಊಟದ ಮೇಜಿನ ಮುಂದೆ ಚಮಚ ಎತ್ತಿ ಹಿಡಿದು ಘೋಷಿಸಿದೆ. ಘೋಷಣೆ ಕೇಳಲು ಇದ್ದವಳು ನನ್ನ ಹೆಂಡತಿ ಒಬ್ಬಳೇ. ಅವಳು ತಟ್ಟೆಯಿಂದ ತಲೆ ಎತ್ತದೆ, ಉಪ್ಪಿನ ಡಬ್ಬಿಯನ್ನು ಸ್ವಲ್ಪ ಈ ಕಡೆ ಸರಿಸಿ ಎಂದಳು. ಜಗತ್ತಿನ ಮಹಾನ್ ಘೋಷಣೆಗಳಿಗೆಲ್ಲ ಮೊದಮೊದಲು ಇಷ್ಟೇ ಮರ್ಯಾದೆ ಸಿಕ್ಕಿರಬೇಕು ಎಂದು ಸಮಾಧಾನ ಮಾಡಿಕೊಂಡು ಡಬ್ಬಿ ಸರಿಸಿದೆ.

ನನ್ನ ಪರಿಚಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ನಾನು ಮಾಡಿದ್ದು ಬರೀ ಹುಚ್ಚಾಟವೆಂದು ನೀವು ತಿಳಿದೀರಿ. ನಾನು ಬಣ್ಣದ ಅಂಗಡಿಯಲ್ಲಿ ಬಣ್ಣ ಬೆರೆಸುವವನು. ಗಿರಾಕಿ ಗೋಡೆಯ ಚಕ್ಕೆಯನ್ನೋ ಹಳೆಯ ಪರದೆಯ ಚೂರನ್ನೋ ತಂದು ನನ್ನ ಮುಂದೆ ಇಟ್ಟರೆ ಸಾಕು, ಹನಿ ಹನಿ ಎಣಿಸಿ ಬೆರೆಸಿ ಅದೇ ಬಣ್ಣವನ್ನು ಡಬ್ಬಿಗೆ ತುಂಬಿಸಿ ಕೊಡುತ್ತೇನೆ. ಹದಿನೆಂಟು ವರ್ಷದಲ್ಲಿ ಒಬ್ಬ ಗಿರಾಕಿಯೂ ಡಬ್ಬಿ ವಾಪಸು ತಂದಿಲ್ಲ. ಒಬ್ಬರು ತಂದಿದ್ದರು, ಆದರೆ ಅವರಿಗೆ ಬಣ್ಣವೇ ಸರಿಯಾಗಿ ಕಾಣಿಸುತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು. ಇಂಥ ನನಗೆ ಒಂದು ಕಾರಿಗೆ ಯಾವ ಪೆಟ್ರೋಲ್ ಹಾಕಬೇಕೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕಾರಿಗೆ ಒಂದು ಕಾಯಿಲೆ ಇತ್ತು. ಸಮತಟ್ಟು ರಸ್ತೆಯಲ್ಲಿ ಅದು ಸಾಧುಪ್ರಾಣಿ. ಏರು ಬಂದರೆ ಮಾತ್ರ ಎಲ್ಲಿಂದಲೋ ಟಕ ಟಕ ಟಕ ಎಂದು ಸದ್ದು. ಗ್ಯಾರೇಜಿನವನು ತನ್ನ ಅಂಗಳದಲ್ಲೇ ಎರಡು ಸುತ್ತು ಓಡಿಸಿ ನೋಡಿ, ಏನೂ ಇಲ್ಲ, ನಿಮಗೆ ಕಿವಿ ಜಾಸ್ತಿ ಎಂದು ಕಳಿಸಿದ್ದ. ಅವನ ಅಂಗಳದಲ್ಲಿ ಏರು ಎಲ್ಲಿಂದ ಬರಬೇಕು?

ಈ ಸದ್ದಿನಿಂದ ತೊಂದರೆಯಾದದ್ದು ನನಗಲ್ಲ, ನನ್ನ ಹೆಂಡತಿಗೆ. ಅವಳು ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ಮೊಣಕಾಲು ಮುರಿದುಕೊಂಡವರನ್ನು, ಸೊಂಟ ಹಿಡಿದುಕೊಂಡವರನ್ನು ಬೈದು, ಮುದ್ದು ಮಾಡಿ ಮತ್ತೆ ನಡೆಸುವುದು ಅವಳ ಕೆಲಸ. ಆಸ್ಪತ್ರೆಯವರು ಹಾಸಿಗೆಯಿಂದ ಏಳಲಾಗದವರ ಮನೆಗೇ ಹೋಗಿ ಚಿಕಿತ್ಸೆ ಕೊಡುವ ಒಂದು ಹೊಸ ಹುದ್ದೆ ತೆರೆದಿದ್ದರು. ಎರಡು ವರ್ಷದಿಂದ ಅವಳು ಕಾಯುತ್ತಿದ್ದುದು ಅದನ್ನೇ. ಅದು ಅವಳಿಗೇ ಎಂದು ಹೇಳಿಯೂ ಆಗಿತ್ತು, ಒಂದು ಷರತ್ತಿನ ಮೇಲೆ: ತಿಂಗಳ ಕೊನೆಯೊಳಗೆ ಡ್ರೈವಿಂಗ್ ಲೈಸೆನ್ಸ್ ಕೈಯಲ್ಲಿರಬೇಕು.

ಲೈಸೆನ್ಸಿನ ಪರೀಕ್ಷೆಗೆ ಅವಳು ಆಗಲೇ ಎರಡು ಬಾರಿ ಕೂತು ಎರಡು ಬಾರಿಯೂ ಎದ್ದು ಬಂದಿದ್ದಳು. ಮೊದಲ ಸಲ ಹಿಂದಕ್ಕೆ ತೆಗೆಯುವಾಗ ಒಂದು ಕಂಬಕ್ಕೆ ಕಾರಿನ ಮೂಲೆ ಸವರಿತು. ಎರಡನೆಯ ಸಲ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಬೇಕಿತ್ತು. ಸರಿಯಾಗಿ ಅದೇ ಹೊತ್ತಿಗೆ ಟಕ ಟಕ ಟಕ. ಬೆದರಿ ಕ್ಲಚ್ಚಿನಿಂದ ಕಾಲು ತೆಗೆದಳು, ಎಂಜಿನ್ ನಿಂತೇ ಹೋಯಿತು. ಮೂರನೆಯ ಪರೀಕ್ಷೆ ಬರುವ ಶನಿವಾರ ಹತ್ತು ಗಂಟೆಗೆ. ಮೂರರಲ್ಲೂ ಹೋದರೆ ಮತ್ತೆ ಆರು ತಿಂಗಳು ಅತ್ತ ತಲೆ ಹಾಕುವ ಹಾಗಿಲ್ಲ, ಹುದ್ದೆ ಬೇರೆಯವರ ಪಾಲು. ಅವಳು ಈ ವಿಷಯ ಹೆಚ್ಚು ಆಡುತ್ತಿರಲಿಲ್ಲ. ಆದರೆ ಟೀವಿ ನೋಡುತ್ತ ಕೂತಾಗಲೂ ಅವಳ ಎಡಗಾಲು ಇಲ್ಲದ ಕ್ಲಚ್ಚನ್ನು ಒತ್ತಿ ಒತ್ತಿ ಬಿಡುತ್ತಿದ್ದುದನ್ನು ನಾನು ಕಂಡಿದ್ದೆ.

ಅದಕ್ಕೇ ನಾನು ಕಾರಿನ ಕಾಯಿಲೆಯನ್ನು ಕೈಗೆತ್ತಿಕೊಂಡದ್ದು. ನಮ್ಮ ಅಂಗಡಿಯಲ್ಲಿ ಬ್ರಷ್ ಮಾರುವವನೊಬ್ಬನಿದ್ದಾನೆ. ಹಲ್ಲುನೋವಿನಿಂದ ಹಿಡಿದು ಉಪಗ್ರಹದವರೆಗೆ ಅವನಿಗೆ ತಿಳಿಯದ ವಿಷಯವಿಲ್ಲವಾದ್ದರಿಂದ ಎಲ್ಲರೂ ಅವನನ್ನು ಎಲ್ಲಾಬಲ್ಲ ಎಂದೇ ಕರೆಯುತ್ತೇವೆ. ಸದ್ದಿನ ವರ್ಣನೆ ಕೇಳಿದವನೇ ಎಲ್ಲಾಬಲ್ಲ ಬ್ರಷ್ ಕೆಳಗಿಟ್ಟ. ಅದು ಎಂಜಿನ್ ನಾಕಿಂಗ್ ಎಂದ. ಪೆಟ್ರೋಲ್ ತನ್ನ ಸರದಿ ಬರುವ ಮೊದಲೇ ಹತ್ತಿಕೊಂಡುಬಿಟ್ಟರೆ ಎಂಜಿನ್ ಒಳಗೇ ತಟ್ಟಿಕೊಳ್ಳುತ್ತದಂತೆ. ಆಕ್ಟೇನ್ ಸಂಖ್ಯೆ ಹೆಚ್ಚಿದ್ದಷ್ಟೂ ಪೆಟ್ರೋಲಿಗೆ ತಾಳ್ಮೆ ಹೆಚ್ಚಂತೆ. ಬಂಕಿನಲ್ಲಿ ತೊಂಬತ್ತೊಂದು, ತೊಂಬತ್ತೈದು, ತೊಂಬತ್ತೆಂಟು ಎಂದು ಬರೆದಿರುವುದು ಅದನ್ನೇ ಅಂತೆ.

ಇಷ್ಟರಲ್ಲಿ ನನ್ನ ತಲೆಗೆ ಹೋದದ್ದು ಒಂದೇ: ತೊಂಬತ್ತೆಂಟು ತೊಂಬತ್ತೊಂದಕ್ಕಿಂತ ದೊಡ್ಡದು. ಇಷ್ಟು ವರ್ಷ ನಮ್ಮ ಕಾರಿಗೆ ಹಾಕಿಸುತ್ತಿದ್ದುದು ತೊಂಬತ್ತೊಂದು! ಪರೀಕ್ಷೆಯಲ್ಲಿ ತೊಂಬತ್ತೆಂಟು ಬರುವುದಾದರೆ ತೊಂಬತ್ತೊಂದು ಸಾಕು ಎನ್ನುವ ತಂದೆ ಇದ್ದಾನೆಯೇ? ಹೀಗೆ ಬುಧವಾರದ ಚಮಚ ಮೇಲೆದ್ದಿತು.

"ಶನಿವಾರದವರೆಗೆ ಕಾರನ್ನ ಹಾಗೇ ಬಿಟ್ಟುಬಿಡಿ. ಅದು ಹೇಗಿದೆಯೋ ಹಾಗೇ ನನಗೆ ಅಭ್ಯಾಸ ಆಗಿದೆ," ಎಂದಳು ಹೆಂಡತಿ.

"ಸದ್ದೂ ಅಭ್ಯಾಸ ಆಗಿದೆಯಾ?"

ಅವಳು ತಟ್ಟೆ ಎತ್ತಿಕೊಂಡು ಎದ್ದಳು. ನಾನು ಗೆದ್ದೆ ಎಂದುಕೊಂಡೆ.

ನನ್ನ ಮಾವ, ಅಂದರೆ ಅವಳ ತಂದೆ, ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಮಗಳಿಗೆ ಸ್ಟಿಯರಿಂಗ್ ಹಿಡಿಯಲು ಕಲಿಸಿದವರೂ ಅವರೇ, ಹಿಂದಿನ ಎರಡೂ ಪರೀಕ್ಷೆಗೆ ಜೊತೆಯಲ್ಲಿ ಹೋದವರೂ ಅವರೇ. ಕಲಿಯುವವರ ಪಕ್ಕದಲ್ಲಿ ಲೈಸೆನ್ಸ್ ಇರುವವರೊಬ್ಬರು ಕೂತಿರಬೇಕೆಂಬುದು ನಿಯಮ. ಈ ಸಲ ನೀವು ದಣಿಯುವುದು ಬೇಡ, ನಾನೇ ಕರೆದುಕೊಂಡು ಹೋಗುತ್ತೇನೆ, ಕಾರಿಗೂ ಹೊಸ ಪೆಟ್ರೋಲ್ ಹಾಕಿಸುತ್ತಿದ್ದೇನೆ ಎಂದು ಅವರಿಗೆ ಫೋನ್ ಮಾಡಿದೆ.

"ಅಳಿಯಂದಿರೇ, ಕಾರಿನ ಜೊತೆ ಒಂದು ಪುಸ್ತಕ ಕೊಟ್ಟಿರ್ತಾರೆ. ಯಾವುದು ಹಾಕಬೇಕು ಅಂತ ಅದರಲ್ಲೇ ಇರುತ್ತೆ. ಒಂದು ಸಲ ನೋಡಿಬಿಡಿ," ಎಂದರು.

ಪುಸ್ತಕ ಎಲ್ಲಿದೆಯೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಮಲಗುವ ಕೋಣೆಯ ಬೀರುವಿನ ಒಂದು ಕಾಲು ಗಿಡ್ಡ. ಅದರ ಕೆಳಗೆ ಮಡಚಿಟ್ಟದ್ದು ಆ ಪುಸ್ತಕವನ್ನೇ. ಅದನ್ನು ತೆಗೆಯಬೇಕಾದರೆ ಬೀರು ಖಾಲಿ ಮಾಡಬೇಕು. ಒಂದು ಸಂಖ್ಯೆ ನೋಡುವುದಕ್ಕಾಗಿ ಅಷ್ಟು ಬಟ್ಟೆ ಯಾರು ಹೊರಗೆ ಹಾಕುತ್ತಾರೆ?

ಆದರೆ ಇನ್ನೊಂದು ತೊಡಕಿತ್ತು. ಭಾನುವಾರ ಅಪ್ಪನ ಜೊತೆ ಅಭ್ಯಾಸಕ್ಕೆ ಹೋಗುವಾಗ ಹೆಂಡತಿ ಟ್ಯಾಂಕ್ ತುಂಬಿಸಿಕೊಂಡು ಬಂದಿದ್ದಳು, ಅದೂ ತೊಂಬತ್ತೊಂದನ್ನೇ. ಮುಳ್ಳು ಮುಕ್ಕಾಲಿನ ಮೇಲೆ ನಿಂತಿತ್ತು. ಇದರ ಮೇಲೆ ತೊಂಬತ್ತೆಂಟನ್ನು ಸುರಿಯಲೇ? ಬಣ್ಣ ಬೆರೆಸುವವನ ಜೀವ ಒಪ್ಪಲಿಲ್ಲ. ನಮ್ಮ ಕಸುಬಿನ ಮೊದಲ ಪಾಠವೇ ಅದು: ತಳದಲ್ಲಿ ಹಳೆಯ ಬಣ್ಣ ಉಳಿದಿರುವ ಡಬ್ಬಿಗೆ ಹೊಸ ಬಣ್ಣ ಹಾಕಬಾರದು. ಒಂದು ಹನಿ ಕಪ್ಪು ಒಂದು ಬಕೆಟ್ ಬಿಳಿಯನ್ನು ಕೆಡಿಸುತ್ತದೆ. ಮೊದಲು ಖಾಲಿ ಮಾಡು, ಆಮೇಲೆ ತುಂಬು. ಪೈಪ್ ಹಾಕಿ ಬಾಯಿಂದ ಎಳೆದು ತೆಗೆಯೋಣವೆಂದರೆ ಅದರ ವಾಸನೆಗೇ ನನಗೆ ತಲೆ ಸುತ್ತುತ್ತದೆ. ಉಳಿದದ್ದು ಒಂದೇ ದಾರಿ, ಓಡಿಸಿ ಮುಗಿಸುವುದು. ಎರಡು ದಿನವಿತ್ತು.

ಗುರುವಾರ ಬೆಳಿಗ್ಗೆ ನಡೆದರೆ ಹತ್ತು ನಿಮಿಷದ ಅಂಗಡಿಗೆ ಊರ ಸುತ್ತಿನ ರಸ್ತೆ ಹಿಡಿದು ಒಂದು ಗಂಟೆಯಲ್ಲಿ ತಲುಪಿದೆ. ಗಿರಾಕಿಗಳ ಡಬ್ಬಿಗಳನ್ನು ನಾನೇ ಅವರವರ ಮನೆಗೆ ಮುಟ್ಟಿಸಿದೆ. ಮಾಲೀಕರು ನನ್ನ ಸೇವಾಭಾವವನ್ನು ಕಂಡು ಗಾಬರಿಯಾದರು. ಸಂಜೆ ಒಂದು ಅಂಚೆ ಲಕೋಟೆ ತರಲು ಕಾರು ತೆಗೆದಾಗ ಕೆಳಮನೆಯ ಟೀಚರಮ್ಮ ಎದುರಾದರು. ನಿವೃತ್ತ ಮುಖ್ಯೋಪಾಧ್ಯಾಯಿನಿ. ಕೈಯಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಬೆಕ್ಕು. ಪಶುವೈದ್ಯರ ಹತ್ತಿರ ಹೋಗಬೇಕು ಎಂದರು. ನಾನು ಬಾಗಿಲು ತೆರೆದು ಹಿಡಿದೆ. ಇನ್ನೂ ದೂರದ ವೈದ್ಯರು ಯಾರಾದರೂ ಗೊತ್ತಿದ್ದರೆ ಅಲ್ಲಿಗೇ ಹೋಗೋಣ ಎಂದೆ. ಆ ಬೆಕ್ಕು ನನ್ನ ಕುತ್ತಿಗೆಯ ಮೇಲೆ ಮೂರು ಗೆರೆ ಎಳೆದದ್ದನ್ನು ನಾನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ, ಮುಳ್ಳು ಅರ್ಧಕ್ಕೆ ಇಳಿದಿತ್ತು.

ಟೀಚರಮ್ಮ ಬಾಯಿ ಬಿಗಿಹಿಡಿಯುವವರಲ್ಲ. ಅವರನ್ನು ವಾಪಸು ತಂದಿಳಿಸಿ ನಾನು ಕಾರು ತಿರುಗಿಸುವಷ್ಟರಲ್ಲಿ ಕಟ್ಟಡದ ಬಾಗಿಲಲ್ಲಿ ಮೂರನೇ ಮಹಡಿಯವರು ಸೂಟ್‌ಕೇಸ್ ಹಿಡಿದು ನಿಂತಿದ್ದರು. ರೈಲಿಗೆ ಹೊತ್ತಾಯಿತು, ಎಷ್ಟು ತಗೊಳ್ತೀರಿ ಎಂದು ಕೇಳಿದರು. ಏನೂ ಬೇಡ, ಹತ್ತಿ ಎಂದೆ. ಅವರು ಒಂದು ಕ್ಷಣ ಅನುಮಾನದಿಂದ ನೋಡಿ ಹತ್ತಿದರು. ನಿಲ್ದಾಣದಿಂದ ಮರಳುವಾಗ ನಾನು ಹಾಡಿಕೊಳ್ಳುತ್ತಿದ್ದೆ. ಮುಳ್ಳು ಕಾಲುಭಾಗಕ್ಕೆ ಬಂದಿತ್ತು.

ಮನೆಯಲ್ಲಿ ಹೆಂಡತಿ ಬೂಟು ಕಟ್ಟಿಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಕೆಲಸದಿಂದ ಒಂದು ಗಂಟೆ ಮುಂಚೆ ರಜೆ ಕೇಳಿಕೊಂಡು ಬಂದಿದ್ದಳಂತೆ, ಏರಿನ ಅಭ್ಯಾಸಕ್ಕೆ. ಬೆಳಕು ಹೋಗಿತ್ತು.

"ಕಾರೆಲ್ಲಿ ಹೋಗಿತ್ತು?"

"ರೈಲ್ವೇ ಸ್ಟೇಷನ್ನಿಗೆ."

"ಯಾರು ಬಂದ್ರು?"

"ಯಾರೂ ಬರಲಿಲ್ಲ. ಮೂರನೇ ಮಹಡಿಯವರು ಹೋದ್ರು."

ಅವಳು ಬೂಟಿನ ದಾರ ಬಿಚ್ಚಿದಳು. ಬೈದಿದ್ದರೆ ಚೆನ್ನಾಗಿತ್ತು.

ಶುಕ್ರವಾರ ಬೆಳಿಗ್ಗೆ ಬಾಗಿಲಲ್ಲಿ ನಾಲ್ಕು ಜನ ಕಾದಿದ್ದರು. ಒಬ್ಬರ ಕೈಯಲ್ಲಿ ಕೆಟ್ಟ ಮಿಕ್ಸಿ, ಇನ್ನೊಬ್ಬರ ಕೈಯಲ್ಲಿ ಅಳುವ ಮಗು. ಕಟ್ಟಡದ ಸೂಚನಾ ಫಲಕದಲ್ಲಿ ಟೀಚರಮ್ಮನ ದುಂಡಗಿನ ಅಕ್ಷರಗಳಲ್ಲಿ, ಎರಡನೇ ಮಹಡಿಯಲ್ಲಿ ಉಚಿತ ವಾಹನ ಸೌಕರ್ಯವಿದೆ, ಅಗತ್ಯವಿದ್ದವರು ವಿಚಾರಿಸಿ ಎಂದು ಚೀಟಿ ಅಂಟಿಸಿತ್ತು. ಇದ್ದಷ್ಟು ಪೆಟ್ರೋಲಿನಲ್ಲಿ ಇಷ್ಟು ಜನರನ್ನು ಮುಟ್ಟಿಸಿದರೆ ಸಂಜೆ ಹೆಂಡತಿಯ ಅಭ್ಯಾಸಕ್ಕೇ ಇರುವುದಿಲ್ಲ. ಕಾರು ಕೆಟ್ಟಿದೆ ಎಂದು ಸುಳ್ಳು ಹೇಳಿ ಹಿಂಬಾಗಿಲಿನಿಂದ ನಡೆದೇ ಅಂಗಡಿಗೆ ಹೋದೆ. ಮಿಕ್ಸಿಯವರು ನನ್ನೊಡನೆ ಈಗಲೂ ಮಾತಾಡುವುದಿಲ್ಲ.

ಆ ಸಂಜೆ ಹೆಂಡತಿಯೂ ನಾನೂ ಏರಿಗೆ ಹೋದೆವು. ನಿಲ್ಲಿಸಿದಳು, ಹೊರಡಿಸಿದಳು. ಟಕ ಟಕ ಟಕ. ಕಾರು ಮುಗ್ಗರಿಸಿ ನಿಂತಿತು. ಮತ್ತೆ ನಿಲ್ಲಿಸಿದಳು, ಮತ್ತೆ ಹೊರಡಿಸಿದಳು, ಮತ್ತೆ ಅದೇ. ಐದನೆಯ ಸಲಕ್ಕೆ ಸ್ಟಿಯರಿಂಗಿನ ಮೇಲೆ ಎರಡೂ ಕೈಯಿಟ್ಟು ಕೂತುಬಿಟ್ಟಳು.

"ಆ ಸದ್ದು ಕೇಳಿದ ಕೂಡಲೇ ಏನೋ ಮುರಿದುಹೋಯ್ತು ಅನ್ನಿಸುತ್ತೆ. ಕಾಲು ತಾನಾಗೇ ಮೇಲೆ ಬಂದುಬಿಡುತ್ತೆ. ನಾನೇನು ಮಾಡಲಿ?"

ಅವಳ ಧ್ವನಿ ಸಣ್ಣಗಾಗಿತ್ತು. ನೂರು ಕೆಜಿ ತೂಕದ ರೋಗಿಗಳನ್ನು ಎತ್ತಿ ನಿಲ್ಲಿಸುವವಳು ಹಾಗೆ ಕೂತಿದ್ದನ್ನು ನನಗೆ ನೋಡಲಾಗಲಿಲ್ಲ. ನಾಳೆ ಆ ಸದ್ದು ಇರುವುದಿಲ್ಲ, ಇದು ನನ್ನ ಮಾತು ಎಂದೆ. ಆ ಮಾತನ್ನು ಉಳಿಸಿಕೊಳ್ಳಲೆಂದೇ ಮನೆಗೆ ಬಂದ ಮೇಲೆ ಕಾರನ್ನು ಅಂಗಳದಲ್ಲಿ ನಿಲ್ಲಿಸಿ, ಎಂಜಿನ್ ಓಡಲು ಬಿಟ್ಟು, ಎಸಿ ಹಾಕಿ, ಎಲ್ಲ ದೀಪ ಹಚ್ಚಿ, ಪೆಟ್ರೋಲ್ ಮುಗಿಯುತ್ತ ಬಂತೆನ್ನುವ ಕೆಂಪು ದೀಪ ಹೊತ್ತಿಕೊಂಡ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ. ಹೊಗೆ ನಮ್ಮ ಬೆಕ್ಕಿಗೆ ಆಗುವುದಿಲ್ಲ ಎಂದು ಟೀಚರಮ್ಮ ಕಿಟಕಿಯಿಂದ ಕೂಗಿ ಹೇಳಿದರು.

ತೊಂಬತ್ತೆಂಟು ಸಿಗುವುದು ಊರಾಚೆಯ ಒಂದೇ ಒಂದು ಬಂಕಿನಲ್ಲಿ. ಮನೆಯಿಂದ ಐದು ಕಿಲೋಮೀಟರ್. ಅಲ್ಲಿಂದ ಪರೀಕ್ಷೆಯ ಮೈದಾನ ಇನ್ನು ಮೂರು. ಕೆಂಪು ದೀಪ ಹತ್ತಿದ ಮೇಲೆ ನಾನು ಇನ್ನೆಷ್ಟು ಹೊತ್ತು ಎಂಜಿನ್ ಓಡಿಸಿದ್ದೆ ಎಂಬುದನ್ನು ನಿಮಿಷ ನಿಮಿಷ ಲೆಕ್ಕ ಹಾಕಿ, ಉಳಿದದ್ದು ಸರಿಯಾಗಿ ಆ ಬಂಕಿನ ಬಾಗಿಲಿನವರೆಗೆ ಸಾಕಾಗುತ್ತದೆಂದು ನಿರ್ಧರಿಸಿದೆ. ಖಾಲಿ ಟ್ಯಾಂಕು ಒಳಗೆ ಬರಬೇಕು, ಶುದ್ಧ ತೊಂಬತ್ತೆಂಟು ತುಂಬಿಕೊಂಡು ಹೊರಗೆ ಹೋಗಬೇಕು. ಅಷ್ಟು ಕರಾರುವಾಕ್ಕು!

ಶನಿವಾರ ಒಂಬತ್ತಕ್ಕೆ ಹೊರಟೆವು. ಕೈ ಪಳಗಲಿ ಎಂದು ಅವಳೇ ಓಡಿಸಿದಳು, ನಾನು ಪಕ್ಕದಲ್ಲಿ ಕೂತೆ. ಮೂರು ಕಿಲೋಮೀಟರ್ ದಾಟಿದ ಮೇಲೆ ಎಡಗಡೆ ಒಂದು ಬಂಕ್ ಕಾಣಿಸಿತು. ನಾವು ಯಾವಾಗಲೂ ಪೆಟ್ರೋಲ್ ಹಾಕಿಸುವ ಬಂಕ್ ಅದೇ. ಅಲ್ಲಿಂದಲೇ ರಸ್ತೆ ಏರುತ್ತದೆ.

"ಕೆಂಪು ದೀಪ ಉರೀತಿದೆ. ಇಲ್ಲೇ ಹಾಕಿಸೋಣ," ಎಂದಳು.

"ಇಲ್ಲಿ ತೊಂಬತ್ತೊಂದು, ತೊಂಬತ್ತೈದು ಅಷ್ಟೇ ಇರೋದು."

"ಸಾಕಲ್ಲ."

"ಎರಡು ದಿನದ ತಪಸ್ಸು ಕಣೇ ಇದು. ಇಲ್ಲಿ ಒಂದು ಲೀಟರ್ ಬೆರೆಸಿದ್ರೂ ಎಲ್ಲ ನೀರಿನಲ್ಲಿ ಹೋಮ. ಮುಂದೆ ನಡಿ."

ಮುಂದೆ ನಡೆದಳು. ಏರಿನ ಅರ್ಧದಲ್ಲಿ ಕಾರು ಒಮ್ಮೆ ಬಿಕ್ಕಿತು, ಇನ್ನೊಮ್ಮೆ ಬಿಕ್ಕಿತು, ಆಮೇಲೆ ಮೌನವ್ರತ ಹಿಡಿಯಿತು. ಅಂಗಳದಲ್ಲಿ ನಿಮಿಷ ಎಣಿಸಿದವನು ಏರಿಗೆ ಹೆಚ್ಚು ಪೆಟ್ರೋಲ್ ಬೇಕೆಂಬುದನ್ನು ಎಣಿಸಿರಲಿಲ್ಲ. ಹೆಂಡತಿ ಕೈಬ್ರೇಕು ಎಳೆದಳು. ಗಡಿಯಾರ ನೋಡಿದಳು, ಒಂಬತ್ತೂ ಹದಿನಾರು. ಆಮೇಲೆ ನನ್ನನ್ನು ನೋಡಿದಳು.

"ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ," ಎಂದಳು ನಿಧಾನವಾಗಿ.

ನಾನು ಕ್ಯಾನ್ ಹಿಡಿದು ತೊಂಬತ್ತೆಂಟರ ಬಂಕಿಗೆ ಓಡಿಹೋಗಿ ಬರುತ್ತೇನೆ ಎಂದೆ. ಹೋಗಿ ಬರುವುದು ನಾಲ್ಕು ಕಿಲೋಮೀಟರ್, ನಮ್ಮಲ್ಲಿ ಕ್ಯಾನೂ ಇರಲಿಲ್ಲ. ನಾನು ಕೊನೆಯ ಬಾರಿ ಓಡಿದ್ದು ಶಾಲೆಯಲ್ಲಿ, ಅದೂ ಗಣಿತದ ಮೇಷ್ಟ್ರು ಅಟ್ಟಿಸಿಕೊಂಡು ಬಂದಾಗ. ಅವಳು ನನ್ನ ಮಾತನ್ನು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಕನ್ನಡಿಯಲ್ಲಿ ಹಿಂದಿನ ಇಳಿಜಾರನ್ನು ನೋಡುತ್ತಿದ್ದಳು. ಅಪ್ಪನ ಬಸ್ಸು ಏರಿನಲ್ಲಿ ಕೆಟ್ಟರೆ ಅವರು ಹಿಂದಕ್ಕೇ ಇಳಿಸಿ ಬದಿಗೆ ತರುತ್ತಿದ್ದರಂತೆ. ಎಂಜಿನ್ ಇಲ್ಲದಾಗ ಬ್ರೇಕೂ ಸ್ಟಿಯರಿಂಗೂ ಕಲ್ಲಾಗಿರುತ್ತವೆ, ಬಲ ಹಾಕಬೇಕು ಅಷ್ಟೇ ಎಂದು ಹೇಳಿಕೊಟ್ಟಿದ್ದರಂತೆ. ನೀವು ಇಳಿದು ಹಿಂದೆ ಬರುವ ಗಾಡಿಗಳನ್ನು ನಿಲ್ಲಿಸಿ ಎಂದಳು, ಹಿಂದಿನ ಸೀಟಿನ ಮೇಲಿದ್ದ ತನ್ನ ಹಳದಿ ಸ್ವೆಟರನ್ನು ನನ್ನ ಕೈಗೆ ಕೊಟ್ಟಳು.

ನಾನು ಆ ಸ್ವೆಟರನ್ನು ತಲೆಯ ಮೇಲೆ ಬೀಸುತ್ತ ಇಳಿಜಾರಿನಲ್ಲಿ ಓಡಿದೆ. ಒಂದು ಲಾಂಡ್ರಿಯ ವ್ಯಾನು ನಿಂತಿತು, ಸೈಕಲಿನವರೊಬ್ಬರು ಇಳಿದೇಬಿಟ್ಟರು. ನನ್ನ ಹಿಂದೆ ಕಾರು ಮೆಲ್ಲಗೆ, ಒಂದೇ ಗೆರೆಯಲ್ಲಿ ಹಿಂದಕ್ಕೆ ಇಳಿಯುತ್ತ ಬಂತು. ತಿರುಗಿ ನೋಡಿದೆ. ತೆರೆದ ಕಿಟಕಿಯಿಂದ ಕತ್ತು ಹೊರಚಾಚಿ, ಹಲ್ಲು ಕಚ್ಚಿ, ರೋಗಿಗಳ ಸೊಂಟ ತಿರುಗಿಸುವ ಆ ಕೈಗಳಿಂದ ಸ್ಟಿಯರಿಂಗ್ ತಿರುಗಿಸುತ್ತಿದ್ದಳು. ಹಿಂದಕ್ಕೆ ತೆಗೆಯುವಾಗ ಕಂಬ ಸವರಿದವಳು ಇವಳೇನಾ! ಏರಿನ ಬುಡದಲ್ಲಿ ಕಾರು ಬಳುಕಿ ತಿರುಗಿತು, ಬಂಕಿನೊಳಗೆ ನುಗ್ಗಿತು, ಪಂಪಿನಿಂದ ಒಂದು ಗೇಣು ದೂರದಲ್ಲಿ ನಿಂತಿತು. ಸೈಕಲಿನವರು ಚಪ್ಪಾಳೆ ತಟ್ಟಿದರು. ನಾನು ಏದುಸಿರು ಬಿಡುತ್ತ ಬಂದು ಕಿಟಕಿಗೆ ಒರಗಿದೆ.

ಅವಳು ಇಳಿಯಲಿಲ್ಲ. ಮುಂದೆ ನೋಡುತ್ತ ಕೂತಿದ್ದಳು.

"ಎಂಜಿನ್ ಆಫ್ ಆಗಿತ್ತು, ಅಲ್ವಾ?"

"ಆಫ್ ಆಗಿತ್ತು."

"ಮತ್ತೆ ಆ ಟಕ ಟಕ ಸದ್ದು ಎಲ್ಲಿಂದ ಬಂತು? ಇಳಿಯುವಾಗ ಉದ್ದಕ್ಕೂ ಬರ್ತಿತ್ತು."

ಅಷ್ಟರಲ್ಲಿ ಬಂಕಿನಲ್ಲಿ ಪೆಟ್ರೋಲ್ ಹಾಕುವ ಅಕ್ಕ ಬಂದು ಯಾವುದು ಹಾಕಲಿ ಎಂದು ಕೇಳಿದರು. ಮಾನ ಪೂರ್ತಿ ಹೋಗಿದ್ದರೂ ನನ್ನ ಬಾಯಿ ತಾನಾಗಿಯೇ ತೊಂಬತ್ತೈದು ಎಂದಿತು. ಅವರು ಟ್ಯಾಂಕಿನ ಮುಚ್ಚಳ ತೆರೆದು ಅದರ ಒಳಮೈ ನೋಡಿದರು. ಎಷ್ಟು ಬೇಕೆಂದು ಕಂಪನಿಯವರೇ ಇಲ್ಲಿ ಅಂಟಿಸಿರುತ್ತಾರಲ್ಲ, ನಿಮ್ಮದರಲ್ಲಿ ಯಾಕಿಲ್ಲ ಎಂದು ಉಗುರಿನಿಂದ ಕೆರೆದರು. ಬಣ್ಣದ ಒಂದು ಚಕ್ಕೆ ಎದ್ದು ಬಂತು. ಅದರ ಕೆಳಗೆ ಸ್ಪಷ್ಟವಾಗಿ, ದಪ್ಪನಾಗಿ, ತೊಂಬತ್ತೊಂದು!

ಕಳೆದ ವರ್ಷ ಆ ಮುಚ್ಚಳಕ್ಕೆ ಬಣ್ಣ ಹೊಡೆದವನು ನಾನೇ. ಕಾರ್ಖಾನೆಯವರಿಗೂ ಗುರುತು ಸಿಗದಂತೆ ಹೊಂದಿಸಿದ್ದೇನೆ ಎಂದು ತಿಂಗಳುಗಟ್ಟಲೆ ಹೇಳಿಕೊಂಡು ತಿರುಗಿದ್ದೆ.

"ನೋಡಿ ಅಣ್ಣ," ಎಂದರು ಅಕ್ಕ ಪೈಪು ಸಿಕ್ಕಿಸುತ್ತ, "ಎಂಜಿನ್ ಎಷ್ಟು ಕೇಳುತ್ತೋ ಅಷ್ಟು ಕೊಟ್ರೆ ಸಾಕು. ಅದಕ್ಕಿಂತ ಹೆಚ್ಚಿನದು ಹಾಕಿದ್ರೆ ಈ ಕಾರಿಗೆ ಗೊತ್ತೂ ಆಗಲ್ಲ. ಇದೇನು ಮಾರ್ಕ್ಸ್ ಕಾರ್ಡಲ್ಲ."

ಎರಡನ್ನೂ ಬೆರೆಸಿದರೆ ಏನಾಗುತ್ತದೆ ಎಂದು ಮೆತ್ತಗೆ ಕೇಳಿದೆ. ಏನೂ ಆಗುವುದಿಲ್ಲ, ಎರಡೂ ಪೆಟ್ರೋಲೇ ಎಂದರು. ಎರಡು ದಿನದ ತಪಸ್ಸು, ಬೆಕ್ಕಿನ ಮೂರು ಗೆರೆ, ಮಿಕ್ಸಿಯವರ ಮುನಿಸು ಎಲ್ಲವೂ ನನ್ನ ಕಣ್ಣ ಮುಂದೆ ಸಾಲಾಗಿ ಹಾದುಹೋದವು.

ಹೆಂಡತಿ ಈಗ ಕಾರಿನೊಳಗೆ ಮೊಣಕಾಲೂರಿ ನಾನು ಕೂತಿದ್ದ ಸೀಟಿನ ಅಡಿ ಕೈಯಾಡಿಸುತ್ತಿದ್ದಳು. ಹೊರಗೆ ಬಂದಾಗ ಅವಳ ಕೈಯಲ್ಲಿ ಒಂದು ಡಬ್ಬಿಯಿತ್ತು. ಬಣ್ಣದ ಸ್ಪ್ರೇ ಡಬ್ಬಿ, ನಮ್ಮ ಅಂಗಡಿಯದ್ದು. ಬಣ್ಣ ತಳಕಟ್ಟದಿರಲೆಂದು ಇಂಥ ಡಬ್ಬಿಯೊಳಗೆ ಉಕ್ಕಿನ ಗೋಲಿಯೊಂದನ್ನು ಹಾಕಿರುತ್ತಾರೆ. ಮೊದಲ ಪರೀಕ್ಷೆಯಲ್ಲಿ ಕಂಬ ತಾಗಿ ಆದ ಗೀರನ್ನು ಮುಚ್ಚಲು ತಂದು, ಕೆಲಸ ಮುಗಿದ ಮೇಲೆ ಸೀಟಿನ ಕೆಳಗೆ ತೂರಿಸಿ ಮರೆತವನು ನಾನೇ. ಸಮತಟ್ಟಿನಲ್ಲಿ ಅದು ಸುಮ್ಮನೆ ಬಿದ್ದಿರುತ್ತಿತ್ತು. ಏರಿನಲ್ಲೂ ಇಳಿಜಾರಿನಲ್ಲೂ ಉರುಳಾಡುತ್ತಿತ್ತು.

ಅವಳು ಡಬ್ಬಿಯನ್ನು ನನ್ನ ಕಿವಿಯ ಹತ್ತಿರ ತಂದು ಅಲ್ಲಾಡಿಸಿದಳು. ಟಕ ಟಕ ಟಕ.

"ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು," ಎಂದು ಬಂಕಿನ ಅಕ್ಕ ಪೈಪು ಹೊರಗೆಳೆದರು.

ನನಗೆ ನಗು ಬರಲಿಲ್ಲ. ಎರಡನೆಯ ಪರೀಕ್ಷೆಯಲ್ಲಿ ಅವಳನ್ನು ಬೀಳಿಸಿದ್ದು ಎಂಜಿನ್ ಅಲ್ಲ, ಪೆಟ್ರೋಲ್ ಅಲ್ಲ, ನನ್ನ ಡಬ್ಬಿ. ಅಂದು ಮನೆಗೆ ಬಂದು ಅವಳು ಅತ್ತಾಗ, ಧೈರ್ಯ ಸಾಲದು ನಿನಗೆ ಎಂದು ಸಮಾಧಾನ ಹೇಳಿದವನೂ ನಾನೇ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ತಪ್ಪಾಯಿತು ಎಂದೆ.

"ಬೈಯೋದು ಬೇಕಾದಷ್ಟಿದೆ. ಅದು ಸಂಜೆಗೆ. ಈಗ ಹತ್ತಿ."

ಮೈದಾನ ತಲುಪಿದಾಗ ಹತ್ತಕ್ಕೆ ನಾಲ್ಕು ನಿಮಿಷವಿತ್ತು. ಪರೀಕ್ಷಕರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡ, ಮುಖದಲ್ಲಿ ಏನೂ ತೋರಿಸದ ಮನುಷ್ಯ. ನಾನು ಗೋಡೆಯ ಪಕ್ಕದ ಬೆಂಚಿನ ಮೇಲೆ ಡಬ್ಬಿಯನ್ನು ಎರಡೂ ಕೈಯಲ್ಲಿ ಅಲ್ಲಾಡದಂತೆ ಹಿಡಿದುಕೊಂಡು ಕೂತೆ. ಅವಳು ಕಂಬಗಳ ನಡುವೆ ಹಿಂದಕ್ಕೆ ತೆಗೆದಳು, ಒಂದೂ ತಾಗಲಿಲ್ಲ. ಆಮೇಲೆ ಏರು. ಕಾರು ಅರ್ಧದಲ್ಲಿ ನಿಂತಿತು. ನನ್ನ ಉಸಿರೂ ನಿಂತಿತು. ಎಡಗಾಲು ನನಗೇ ಗೊತ್ತಿಲ್ಲದಂತೆ ನೆಲವನ್ನು ಒತ್ತುತ್ತಿತ್ತು. ಕಾರು ಒಂದಿಷ್ಟೂ ಹಿಂದೆ ಸರಿಯದೆ, ಸದ್ದಿಲ್ಲದೆ, ಏರಿ ಆಚೆಗೆ ಇಳಿದು ಹೋಯಿತು. ತೊಂಬತ್ತೊಂದರಲ್ಲೇ!

ಪರೀಕ್ಷಕರು ಇಳಿದು ಬಂದು ಹಾಳೆಯ ಮೇಲೆ ಒಂದಾದ ಮೇಲೊಂದು ಸರಿ ಗುರುತು ಹಾಕಿದರು. ಹಿಂದಕ್ಕೆ ತೆಗೆಯುವುದನ್ನು ಇಷ್ಟು ಚೆನ್ನಾಗಿ ಎಲ್ಲಿ ಕಲಿತಿರಿ ಎಂದು ಕೇಳಿದರು. ಇವತ್ತು ಬೆಳಿಗ್ಗೆ ಎಂದಳು ಅವಳು. ನಾನು ಎದ್ದು ಓಡಿದೆ. ಅವಳ ಕೈ ಹಿಡಿದುಕೊಂಡೆ. ಅವಳ ಕಣ್ಣು ತುಂಬಿತ್ತು, ನನ್ನದೂ. ಪರೀಕ್ಷಕರು ಪಾಪ ಬೇರೆ ಕಡೆ ನೋಡಿದರು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಸಂತೋಷ ಹೆಚ್ಚಾದರೆ ನನಗೆ ಉಪದೇಶ ಬರುತ್ತದೆ. ಕಾರು ಎಂದರೆ ಬರೀ ಓಡಿಸುವುದಲ್ಲ, ಸರ್. ಎಂಜಿನ್ ಎಷ್ಟು ಕೇಳುತ್ತದೋ ಅಷ್ಟೇ ಆಕ್ಟೇನ್ ಕೊಡಬೇಕು, ಜನರಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತದೆ, ಜವಾಬ್ದಾರಿಯುಳ್ಳ ವಾಹನ ಮಾಲೀಕನಾದವನು ಪ್ರತಿಯೊಂದನ್ನೂ ನೋಡಿಕೊಳ್ಳಬೇಕು ಎಂದು ಶುರುಮಾಡಿದೆ. ಅವರು ತಾಳ್ಮೆಯಿಂದ ಕೇಳಿದರು. ಹಾಳೆಯ ಕೊನೆಯಲ್ಲಿ ಒಂದು ಮನೆ ಖಾಲಿ ಉಳಿದಿದೆ, ಜೊತೆಯಲ್ಲಿ ಬಂದವರ ಲೈಸೆನ್ಸ್ ಸಂಖ್ಯೆ ಬೇಕು ಎಂದರು. ನಾನು ಪರ್ಸು ತೆರೆದು ಲೈಸೆನ್ಸನ್ನು ಎರಡು ಬೆರಳಲ್ಲಿ ಹಿಡಿದು ಠೀವಿಯಿಂದ ಕೊಟ್ಟೆ.

ಅವರು ಮುಂಭಾಗ ನೋಡಿದರು. ಹಿಂಭಾಗ ನೋಡಿದರು. ಕಿವಿಯಿಂದ ಪೆನ್ಸಿಲ್ ತೆಗೆದು ಒಂದು ತಾರೀಕಿನ ಮೇಲೆ ಇಟ್ಟರು.

"ಇದರ ಅವಧಿ ಮುಗಿದು ಒಂದು ವರ್ಷ ಮೂರು ತಿಂಗಳಾಯ್ತು."

ನಾನು ಬಗ್ಗಿ ನೋಡಿದೆ. ಆಗಿತ್ತು.

"ವರ್ಷ ದಾಟಿದ್ರೆ ನವೀಕರಣ ಇಲ್ಲ. ಮೊದಲಿಂದ ಪರೀಕ್ಷೆಗೆ ಬರಬೇಕು. ಬೆಳಿಗ್ಗೆ ಇಲ್ಲಿಗೆ ಹೇಗೆ ಬಂದ್ರಿ ಅಂತ ನಾನು ಕೇಳಲ್ಲ," ಎಂದು ಅವರು ಹೆಂಡತಿಯ ಕಡೆ ತಿರುಗಿ ಮೊಹರು ಹಾಕಿದ ಚೀಟಿ ಕೊಟ್ಟರು. "ಮೇಡಂ, ಈ ಚೀಟಿ ಸಾಕು, ಇವತ್ತಿನಿಂದಲೇ ಓಡಿಸಬಹುದು. ವಾಪಸ್ ಹೋಗುವಾಗ ನೀವೇ ಓಡಿಸಿ. ಇವರ ಕೈಗೆ ಕೊಡಬೇಡಿ."

ಅವಳು ಚೀಟಿಯನ್ನು ಎರಡು ಸಲ ಓದಿ, ನಾಲ್ಕಾಗಿ ಮಡಚಿ ಪರ್ಸಿನಲ್ಲಿಟ್ಟುಕೊಂಡಳು. ನಾನು ಹೇಗಾದರೂ ಒಂದು ಕೆಲಸಕ್ಕೆ ಬಂದೇನೆಂದು ಕಾರಿನ ಹಿಂದೆ ಹೋಗಿ, ಗಾಜಿನ ಮೇಲೆ ಅಂಟಿಸಿದ್ದ ಕಲಿಯುವವರ ಕೆಂಪು ಫಲಕದ ಒಂದು ಮೂಲೆಯನ್ನು ಉಗುರಿನಿಂದ ಎಬ್ಬಿಸತೊಡಗಿದೆ.

ಅವಳು ಸ್ಟಿಯರಿಂಗ್ ಮುಂದೆ ಕೂತು, ಕನ್ನಡಿ ಸರಿಮಾಡಿಕೊಂಡು, ಅದರಲ್ಲೇ ನನ್ನನ್ನು ನೋಡಿದಳು.

"ಅದು ಅಲ್ಲೇ ಇರಲಿ ಬಿಡಿ. ಸೋಮವಾರದಿಂದ ನಿಮಗೆ ಕಲಿಸ್ತೀನಿ."